ಸ್ಟ್ಯಾನ್‌ಫರ್ಡ್‌ಗೆ ಹೋದಾಗ ಈ ಆರು ಜನರನ್ನು ಹೀಗೆ ನೋಡಿ

ಊರಿಂದ ಅಪ್ಪ, ಅಮ್ಮ ಬಂದಾಗ ಕ್ಯಾಲಿಫೋರ್ನಿಯಾದ ಬೇ ಏರಿಯಾದ ನಾವೆಲ್ಲ ಅವರನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಕರೆದುಕೊಂಡು ಹೋಗುತ್ತೇವೆ. ಚರ್ಚ್ ಮುಂದೆ ಫೋಟೋ ತೆಗೆದು ವಾಪಸ್. ಮುಂದಿನ ಸಲ ದಯವಿಟ್ಟು ಅಲ್ಲಿನ ಮೆಮೋರಿಯಲ್ ಕೋರ್ಟ್ ಅನ್ನುವ ಅಂಗಳದಲ್ಲಿ ಅರ್ಧ ಗಂಟೆ ನಿಲ್ಲಿ. ಫ್ರೆಂಚ್ ಶಿಲ್ಪಿ ರೊದಾನ್ ಮಾಡಿದ 'ಕ್ಯಾಲೆಯ ನಾಗರಿಕರು' ಅಲ್ಲಿದ್ದಾರೆ. ಆರು ಕಂಚಿನ ಗಂಡಸರು, ಎತ್ತರದ ಪೀಠವಿಲ್ಲದೆ ನಮ್ಮ ಮಟ್ಟದಲ್ಲೇ ನಿಂತಿದ್ದಾರೆ. ರೊದಾನ್‌ಗೆ ಬೇಕಿದ್ದದ್ದೂ ಅದೇ. ಆದರೆ 1895ರಲ್ಲಿ ಕ್ಯಾಲೆಯವರು ತಮ್ಮೂರಿನ ಪ್ರತಿಯನ್ನು ಎತ್ತರದ ಪೀಠದ ಮೇಲಿಟ್ಟರು. 1924ರಲ್ಲಿ ಕೆಳಗಿಳಿಸಿದರು.

ಮೊದಲು ಕತೆ ಹೇಳಿ. ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡ್ ಫ್ರಾನ್ಸಿನ ಕ್ಯಾಲೆ ಊರಿಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ. 1347ರಲ್ಲಿ ಜನ ಹಸಿದು ಸೋತರು. ಆರು ಪ್ರಮುಖರು ಬರಿಗಾಲಲ್ಲಿ, ಕೊರಳಿಗೆ ಹಗ್ಗ ಹಾಕಿಕೊಂಡು, ಊರಿನ ಕೀಲಿಕೈ ತಂದೊಪ್ಪಿಸಿದರೆ ಉಳಿದವರನ್ನು ಬಿಡುತ್ತೇನೆ ಅಂದ. ಅವರು ಹೊರಟ ಗಳಿಗೆ ಇದು. ರಾಣಿ ಫಿಲಿಪಾ ಬೇಡಿಕೊಂಡು ಅವರ ಜೀವ ಉಳಿಸಿದಳು. ಇದನ್ನು ಮಾತ್ರ ಎಲ್ಲ ನೋಡಿದ ಮೇಲೆ ಹೇಳಿ. ಮೊದಲೇ ಹೇಳಿಬಿಟ್ಟರೆ ಅವರ ಭಯ ನಮಗೆ ತಟ್ಟುವುದಿಲ್ಲ.

ಮುಖದಿಂದ ಶುರು ಮಾಡಬೇಡಿ. ಪಾದ ನೋಡಿ, ಕೈ ನೋಡಿ. ಕೈಗಳನ್ನು ರೊದಾನ್ ಬೇಕೆಂದೇ ದೊಡ್ಡದಾಗಿ ಮಾಡಿದ್ದಾನೆ. ಕೀಲಿಕೈ ಹಿಡಿದವನ ಬೆರಳು ಎಷ್ಟು ಬಿಗಿ! ತುಟಿಯೂ ಅಷ್ಟೇ ಬಿಗಿ.

ಆಮೇಲೆ ಪ್ರದಕ್ಷಿಣೆ ಹಾಕಿದ ಹಾಗೆ ಒಬ್ಬೊಬ್ಬರನ್ನೂ ಪೂರ್ತಿ ಸುತ್ತಿ ಬನ್ನಿ. ಒಬ್ಬ ಎರಡೂ ಕೈಯಲ್ಲಿ ತಲೆ ಹಿಡಿದು ಬಗ್ಗಿದ್ದಾನೆ, ಮುಖ ಸರಿಯಾಗಿ ಕಾಣುವುದೇ ಇಲ್ಲ. ನಮ್ಮಮ್ಮ ಅವನ ಹಿಂದೆ ಬಹಳ ಹೊತ್ತು ನಿಂತರು. "ಪಾಪ, ಮನೇಲಿ ಚಿಕ್ಕ ಮಕ್ಕಳಿರಬೇಕು ಕಣೋ" ಅಂದರು. ಆ ಬೆನ್ನು ನೋಡಿ ಹೇಳಿದ್ದು ಅದು.

ಇನ್ನೊಬ್ಬ ಬಲಗೈ ಎತ್ತಿ ತಲೆ ವಾಲಿಸಿದ್ದಾನೆ. ನೀವೂ ಹಾಗೇ ನಿಂತು ನೋಡಿ. ಮಕ್ಕಳು ನಗುತ್ತಾ ಮಾಡಿದರೆ ಗದರಬೇಡಿ. ಸ್ವಲ್ಪ ಹೊತ್ತಿಗೆ ಹೆಗಲು ಸೋಲುತ್ತದೆ, ನಗು ತಾನಾಗೇ ನಿಲ್ಲುತ್ತದೆ.

ಆದರೆ ಮುಟ್ಟಬೇಡಿ. ಕೈಯ ಬೆವರು, ಜಿಡ್ಡು ತಾಗಿ ತಾಗಿ ಕಂಚಿನ ಬಣ್ಣ ಕೆಡುತ್ತದೆ. ಇವರ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಾಯಲು ಹೊರಟವರು ಅಲ್ವಾ?

ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋದರೆ ಬಟ್ಟೆಯ ಮಡಿಕೆಗಳೆಲ್ಲ ಚೆನ್ನಾಗಿ ಕಾಣುತ್ತವೆ. ಅಲ್ಲಿಂದ ನಡೆದುಕೊಂಡೇ ಕ್ಯಾಂಟರ್ ಮ್ಯೂಸಿಯಂ ಪಕ್ಕದ ರೊದಾನ್ ಶಿಲ್ಪಗಳ ತೋಟಕ್ಕೆ ಹೋಗಿ, ಅವನದೇ 'ನರಕದ ಬಾಗಿಲು' ಶಿಲ್ಪ ನೋಡಿ. ದುಡ್ಡು ಕೊಡಬೇಕಿಲ್ಲ. ಕತ್ತಲಾದರೂ ಚಿಂತೆಯಿಲ್ಲ, ಅಲ್ಲಿ ರಾತ್ರಿ ದೀಪ ಇರುತ್ತದೆ.