ಗ್ರೂಪಿನಲ್ಲಿ ಬಿದ್ದ ಒಂದು 'ಲೇ'

ಕುಂದಗೋಳ, ಗದಗ, ಹಾವೇರಿ ಕಡೆಯ ಮೆಣಸಿನಕಾಯಿ ಬೆಳೆಗಾರರ ವಾಟ್ಸಾಪ್ ಗ್ರೂಪಿಗೆ ನಾನು ಅಡ್ಮಿನ್. 380 ಜನ ಇದ್ದೇವೆ. ಮಾತೆಲ್ಲ ಬ್ಯಾಡಗಿ ಪೇಟೆಯ ರೇಟು, ಮಳೆ, ರೋಗದ್ದು. ಜಗಳ ಮಾತ್ರ ಬೇರೆ ಎಲ್ಲಿಂದಲೋ ಹುಟ್ಟುತ್ತದೆ.

ಹೋದ ವರ್ಷ ಒಂದು ರಾತ್ರಿ ಒಬ್ಬ ಹುಡುಗ ಗಿಡದ ಫೋಟೋ ಹಾಕಿದ. ಮಸುಕು ಮಸುಕು. 'ಎಲಿ ಮುದುಡ್ಯಾವ್ರಿ. ಎರಡ ಸಲ ಔಷಧ ಹೊಡದೀನಿ, ಕಡಿಮಿ ಆಗವಲ್ದು' ಎಂದು ಬರೆದಿದ್ದ. ನಲವತ್ತು ವರ್ಷ ಮೆಣಸಿನಗಿಡ ಬೆಳೆದ ಹಿರಿಯರೊಬ್ಬರು ತಟ್ಟನೆ ಉತ್ತರ ಕೊಟ್ಟರು: 'ಎಲಿ ಮ್ಯಾಲ ಮುದುಡೇತೋ ಕೆಳಗ ಮುದುಡೇತೋ ನೋಡಾಕ ಬರೂದಿಲ್ಲೇನಲೇ ಹುಚ್ಚಾ?' ಅದರ ಕೆಳಗೆ ನಗುವ ಎಮೋಜಿಗಳ ಸಾಲು. ನನ್ನದೂ ಒಂದಿತ್ತು. ಬೆಳಿಗ್ಗೆ ನೋಡಿದರೆ ಹುಡುಗ ಗ್ರೂಪ್ ಬಿಟ್ಟಿದ್ದ. ಈಗ ಯಾರಾದರೂ ಬಿಟ್ಟರೆ ಅಡ್ಮಿನ್‌ಗೆ ಮಾತ್ರ ತಿಳಿಯುತ್ತದೆ ಅಲ್ವಾ, ನಕ್ಕವರಿಗೆ ಗೊತ್ತೇ ಆಗಲಿಲ್ಲ.

ಮೊದಲು ನಾನು ಮಾಡಿದ್ದು ದಡ್ಡ ಕೆಲಸ. ಹಿರಿಯರ ಮೆಸೇಜ್ ಅಳಿಸಿದೆ. 2022ರಿಂದ ಅಡ್ಮಿನ್ ಬೇರೆಯವರ ಮೆಸೇಜ್ ಅಳಿಸಬಹುದು, ಆದರೆ ಅಳಿಸಿದ್ದು ಅಡ್ಮಿನ್ ಎಂಬ ಗುರುತು ಅಲ್ಲೇ ಉಳಿಯುತ್ತದೆ. ಶುರುವಾಯಿತು ನೋಡಿ, 'ಏನ್ ಬರದಿದ್ರು?' ಅಂತ. ಯಾರೋ ಸ್ಕ್ರೀನ್‌ಶಾಟ್ ಹಾಕಿದರು. ನೋಡದೇ ಇದ್ದವರೂ ಓದಿದರು.

ಆಮೇಲೆ ಹುಡುಗನಿಗೆ ಫೋನ್ ಮಾಡಿದೆ. 'ಚಾದಂಗಡ್ಯಾಗ ಕಾಕಾ ಹಂಗ ಅಂದಿದ್ರ ನಾನೂ ನಗತಿದ್ದೆ. ಇಲ್ಲಿ ರಾತ್ರಿ ಎಲ್ಲಾ ತಿರುಗಿ ತಿರುಗಿ ಓದೀನ್ರೀ' ಎಂದ. ಕಾಕಾಗೆ ಮಾಡಿದರೆ ಅವರಿಗೆ ಆಶ್ಚರ್ಯ. 'ಮಗನ ವಯಸ್ಸಿನಾಂವ, ಪ್ರೀತಿಲೆ ಅಂದೆನೋ ತಮ್ಮಾ.' ಸುಳ್ಳಲ್ಲ. ನಮ್ಮ ಕಡೆ 'ಲೇ' ಇಲ್ಲದೆ ಸ್ನೇಹವೇ ಇಲ್ಲ. ಆದರೆ ಆ ಪ್ರೀತಿ ಇರುವುದು ದನಿಯಲ್ಲಿ. ಟೈಪ್ ಮಾಡಿದರೆ ಬೈಗುಳ ಅಷ್ಟೇ ಉಳಿಯುತ್ತದೆ.

ಇನ್ನೊಂದು ವಿಷಯ. ಕಾಕಾ ಬೈದದ್ದರಲ್ಲೇ ಉತ್ತರವೂ ಇತ್ತು. ಎಲೆ ಮೇಲಕ್ಕೆ ಮುದುಡಿದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ಸಣ್ಣ ಕೀಟದ ಕಾಟ, ಕೆಳಕ್ಕೆ ಮುದುಡಿದರೆ ಮೈಟ್ ಎಂಬ ನುಸಿಯದು. ಒಂದರ ಔಷಧ ಎಷ್ಟೋ ಸಲ ಇನ್ನೊಂದಕ್ಕೆ ನಾಟುವುದಿಲ್ಲ. ಹುಡುಗ ಹೊಡೆದಿದ್ದು ಥ್ರಿಪ್ಸ್ ಔಷಧ, ಅವನ ಗಿಡದ ಎಲೆ ಕೆಳಕ್ಕೆ ಮುದುಡಿತ್ತು. 'ಹುಚ್ಚಾ' ಕಣ್ಣಿಗೆ ಬಿದ್ದ ಮೇಲೆ ಉಳಿದದ್ದು ಯಾರಿಗೆ ಕಾಣಬೇಕು? ನನಗೂ ಕಂಡಿರಲಿಲ್ಲ.

ಈಗ ಯಾರದಾದರೂ ತಪ್ಪು ತೋರಿಸುವುದಿದ್ದರೆ ವಾಯ್ಸ್ ಮೆಸೇಜ್ ಹಾಕಿ ಎನ್ನುತ್ತೇನೆ. ಜಗಳ ಹೊತ್ತಿಕೊಂಡರೆ ಅಳಿಸಲು ಹೋಗುವುದಿಲ್ಲ, ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡುತ್ತೇನೆ. ಎಲ್ಲರ ಹತ್ತಿರವೂ ಇದು ನಡೆಯುವುದಿಲ್ಲ. ಚುನಾವಣೆ ಹೊತ್ತಿನಲ್ಲಿ ಜಾತಿ ಎತ್ತಿ ಬರೆದ ಒಬ್ಬರು ಫೋನಿನಲ್ಲೂ ಅದನ್ನೇ ಅಂದರು. ಅವರನ್ನು ಸುಮ್ನೆ ಗ್ರೂಪಿನಿಂದ ತೆಗೆದುಬಿಟ್ಟೆ.

ಹುಡುಗ ವಾಪಸ್ ಬಂದ. ಕಾಕಾ ಮೂರು ನಿಮಿಷದ ವಾಯ್ಸ್ ಹಾಕಿದರು, ಹಿಂದೆ ಟ್ರ್ಯಾಕ್ಟರ್ ಸದ್ದು. ಅದರಲ್ಲಿ ಐದು 'ಲೇ' ಇದ್ದವು, ಎಣಿಸಿದ್ದೇನೆ. 'ಆತ್ರಿ ಕಾಕಾ' ಎಂದು ಹುಡುಗನೂ ವಾಯ್ಸಿನಲ್ಲೇ ಹೇಳಿದ.