ಮಾರ್ಕರ್ ಮಕ್ಕಳ ಕೈಗೆ ಕೊಡಿ: ವೈಟ್‌ಬೋರ್ಡ್ ಬಳಸುವ ಬಗೆ

ಟೀಚರ್ ಬರೆಯುವುದು, ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು. ಇಷ್ಟಕ್ಕೇ ಬಳಸಿದರೆ ವೈಟ್‌ಬೋರ್ಡಿನ ಅರ್ಧ ಲಾಭವೂ ಸಿಗುವುದಿಲ್ಲ. ಒರೆಸಿದರೆ ಹೋಗುತ್ತದೆ ಅಂತ ಗೊತ್ತಿದ್ದಾಗ ತಪ್ಪಿನ ಭಯ ಕಡಿಮೆ, ಅಲ್ವಾ? ಪುಸ್ತಕ ತೆರೆದು ಸುಮ್ನೆ ಕೂರುವ ಮಗುವೂ ಬೋರ್ಡ್ ಸಿಕ್ಕರೆ ಏನಾದರೂ ಗೀಚುತ್ತದೆ.

ಮೊದಲು ಚಿಕ್ಕ ಬೋರ್ಡುಗಳಿಂದ ಶುರು ಮಾಡಿ. ಎ4 ಅಳತೆ ಸಾಕು. ಬಿಳಿ ಹಾಳೆಗೆ ಲ್ಯಾಮಿನೇಷನ್ ಮಾಡಿಸಿದರೂ ನಡೆಯುತ್ತದೆ. ಪ್ರಶ್ನೆ ಕೇಳಿ, ಯೋಚಿಸಲು ಸಮಯ ಕೊಡಿ. ‘ತೋರಿಸಿ’ ಅಂದಾಗ ಎಲ್ಲರೂ ಒಟ್ಟಿಗೇ ಎತ್ತಿ ಹಿಡಿಯಲಿ. ಒಬ್ಬೊಬ್ಬರಾಗಿ ಎತ್ತಿದರೆ ಪಕ್ಕದವರದು ನೋಡಿ ತಿದ್ದಿಕೊಳ್ಳುತ್ತಾರೆ. 1/2 + 1/3 ಎಷ್ಟು ಎಂದು ಕೇಳಿದಾಗ ಹಲವು ಬೋರ್ಡುಗಳಲ್ಲಿ 2/5 ಕಂಡಿತೇ? ಮಕ್ಕಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸುತ್ತಿದ್ದಾರೆ. ಮುಂದಿನ ಪಾಠ ಬಿಟ್ಟು ಅಲ್ಲಿಗೇ ವಾಪಸ್ ಹೋಗಿ. ಕೈ ಎತ್ತಿದ ಒಬ್ಬ ಜಾಣನನ್ನು ಮಾತ್ರ ಕೇಳಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಗುಂಪಿನ ಕೆಲಸಕ್ಕೆ ಬೋರ್ಡ್ ಗೋಡೆಯ ಮೇಲಿರಲಿ, ಮಕ್ಕಳು ನಿಂತು ಬರೆಯಲಿ. ಕೆನಡಾದ ಗಣಿತ ಶಿಕ್ಷಣ ಸಂಶೋಧಕ ಪೀಟರ್ ಲಿಲ್ಯೆಡಾಲ್ ಹೇಳುವುದೂ ಇದನ್ನೇ: ಚೀಟಿ ಎತ್ತಿದಂತೆ ಯಾರಿಗೆ ಯಾರೋ ಜೊತೆಯಾದ 3 ಮಂದಿಯ ಗುಂಪು, ಗುಂಪಿಗೆ ಒಂದೇ ಮಾರ್ಕರ್. ಮಾರ್ಕರ್ ಹಿಡಿದವರು ಉಳಿದವರು ಹೇಳಿದ್ದನ್ನು ಮಾತ್ರ ಬರೆಯಬೇಕು ಅಂತ ನಿಯಮ ಮಾಡಿ. ಆಗ ಮಾತಾಡದೆ ವಿಧಿಯಿಲ್ಲ. ಸ್ವಲ್ಪ ಹೊತ್ತಿಗೊಮ್ಮೆ ಕೈ ಬದಲಾಗಲಿ, ಇಲ್ಲದಿದ್ದರೆ ಚುರುಕಿನವರೇ ಎಲ್ಲ ಮುಗಿಸಿಬಿಡುತ್ತಾರೆ. ಎಲ್ಲೋ ಸಿಕ್ಕಿಕೊಂಡ ಗುಂಪಿಗೆ ಪಕ್ಕದ ಬೋರ್ಡಿನಿಂದ ಸುಳಿವು ಸಿಕ್ಕಿದರೆ ತಡೆಯಬೇಡಿ. ಅದೂ ಕಲಿಕೆಯೇ. ನೀವು ಕೋಣೆಯ ನಡುವೆ ನಿಂತರೆ ಯಾರಿಗೆ ಸಹಾಯ ಬೇಕು ಅನ್ನುವುದು ತಾನಾಗಿ ಕಾಣುತ್ತದೆ. ಒರೆಸುವ ಮುಂಚೆ ಒಂದು ಫೋಟೊ ತೆಗೆದಿಡಿ.

ಆಫೀಸಿನ ಮೀಟಿಂಗಿಗೂ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ.

ಬರೆಯಲು ಕಪ್ಪು, ನೀಲಿ ಬಣ್ಣ ಒಳ್ಳೆಯದು. ಹಳದಿ ಹಿಂದಿನ ಸಾಲಿಗೆ ಕಾಣುವುದೇ ಇಲ್ಲ. ಪ್ರತಿ 3 ಮೀಟರ್ ದೂರಕ್ಕೆ ಅಕ್ಷರ ಸುಮಾರು 2.5 ಸೆಂ.ಮೀ. ಎತ್ತರವಿರಲಿ. ಮಾರ್ಕರುಗಳನ್ನು ಮಲಗಿಸಿ ಇಡಿ. ಯಾರಾದರೂ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದುಬಿಟ್ಟರೆ ಗಾಬರಿ ಬೇಡ. ಅದರ ಮೇಲೇ ವೈಟ್‌ಬೋರ್ಡ್ ಮಾರ್ಕರಿನಿಂದ ದಪ್ಪಗೆ ಬಳಿದು ತಕ್ಷಣ ಒರೆಸಿ. ಹೊಸ ಶಾಯಿಯಲ್ಲಿರುವ ದ್ರಾವಕ ಹಳೆಯ ಶಾಯಿಯನ್ನು ಕರಗಿಸುತ್ತದೆ. ಮೊದಲ ಸಲಕ್ಕೆ ಪೂರ್ತಿ ಹೋಗದಿದ್ದರೆ ಇನ್ನೊಮ್ಮೆ ಹಾಗೇ ಮಾಡಿ.