ಹಸುಗೂಸಿನ ಫೋಟೊ: ಅವಸರ ಬೇಡ, ಭಂಗಿಯೂ ಬೇಡ

ಬುಟ್ಟಿಯೊಳಗೆ ಮುದುಡಿ, ಅಂಗೈ ಮೇಲೆ ಗಲ್ಲವಿಟ್ಟು ಮಲಗಿದ ಕೂಸುಗಳ ಫೋಟೊ ಮೊಬೈಲಿನಲ್ಲಿ ದಿನವೂ ಬರುತ್ತವೆ. ಆ ಗಲ್ಲದ ಭಂಗಿಯನ್ನು ತರಬೇತಿ ಪಡೆದವರು ಕೂಸಿನ ತಲೆ, ಕೈ ಹಿಡಿದುಕೊಂಡೇ ಬೇರೆ ಬೇರೆ ಫೋಟೊ ತೆಗೆದು, ಬಳಿಕ ಕಂಪ್ಯೂಟರಿನಲ್ಲಿ ಒಂದಾಗಿಸುತ್ತಾರೆ. ಮನೆಯಲ್ಲಿ ಅದಕ್ಕೆ ಕೈ ಹಾಕಲೇಬೇಡಿ. ಅಜ್ಜಿಯ ಮಡಿಲು, ಅಪ್ಪನ ತೋಳು ಸಾಕು.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ತೊಟ್ಟಿಲಿಗೆ ಹಾಕುವ ದಿನ ನೆಂಟರ ಗದ್ದಲ. ಬೇರೆ ದಿನವೇ ಲೇಸು. ಎಣ್ಣೆ ಹಚ್ಚಿ, ನೀರೆರೆದು, ಹಾಲು ಕುಡಿಸಿದ ಮೇಲೆ ಕೂಸು ಗಾಢ ನಿದ್ದೆಗೆ ಜಾರುತ್ತದೆ. 2–3 ಗಂಟೆಗೊಮ್ಮೆ ಹಾಲಿಗೆ ಏಳುವುದರಿಂದ ಇಡೀ ಬೆಳಗನ್ನು ಇದಕ್ಕೇ ಬಿಡಿ. ನೆಗಡಿ, ಜ್ವರ ಇದ್ದರೆ ಹೋಗಬೇಡಿ. ಹೋದವರು ಸಾಬೂನು ಹಚ್ಚಿ ಕೈ ತೊಳೆಯಿರಿ.

ಅರ್ಧ ಕೆಲಸ ಬೆಳಕಿನದು. ಶಿರಸಿ, ಸಿದ್ದಾಪುರದ ಹಳೆಯ ಮನೆಗಳಲ್ಲಿ ಬಾಣಂತಿಯ ಕೋಣೆ ಹೆಚ್ಚಾಗಿ ಕತ್ತಲೆಯದು. ತಾಯಿ ಒಪ್ಪಿದರೆ ಗಾಳಿ ನೇರವಾಗಿ ಬೀಸದ ಕಿಟಕಿಯ ಪಕ್ಕ ಕೂರಿಸಿ. ಬೆಳಕು ಒಂದು ಬದಿಯಿಂದ ಬೀಳಲಿ. ಮಳೆಗಾಲದ ಮೋಡದ ಬೆಳಕು ಕೂಸಿನ ಚರ್ಮಕ್ಕೆ ಬಲು ಮೃದು. ಮಾಡಿನ ಗಾಜಿನ ಹಂಚಿನ ನೇರ ಕೆಳಗೆ ಬೇಡ, ಕಣ್ಣಗುಳಿಯಲ್ಲಿ ನೆರಳು ನಿಲ್ಲುತ್ತದೆ. ಒಳಗಿನ ದೀಪ ಆರಿಸಿ: ಹಳದಿ ಬಲ್ಬಿನ ಬೆಳಕು ಬೆರೆತರೆ ಆರೋಗ್ಯವಾಗಿರುವ ಕೂಸೂ ಕಾಮಾಲೆಯಾದಂತೆ ಕಾಣುತ್ತದೆ. ಫ್ಲ್ಯಾಶ್ ಬೇಡವೇ ಬೇಡ.

ಕ್ಯಾಮೆರಾ ಇದ್ದವರು ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) 2.8, ಶಟರ್ (ಬೆಳಕು ಒಳಬಿಡುವ ಹೊತ್ತು) ಸೆಕೆಂಡಿನ 1/160, ಐಎಸ್‌ಒ (ಬೆಳಕನ್ನು ಗ್ರಹಿಸುವ ಮಟ್ಟ) 1600ರಿಂದ ಶುರುಮಾಡಿ. ಮೊಬೈಲಾದರೆ ಪರದೆಯಲ್ಲಿ ಕಾಣುವ ಕೂಸಿನ ಮುಖದ ಮೇಲೆ ಬೆರಳು ಒತ್ತಿ ಹಿಡಿದು, ಚಿತ್ರದ ಬೆಳಕನ್ನು ತುಸು ಇಳಿಸಿ. ಕಾರವಾರ, ಅಂಕೋಲೆಯ ಸೆಕೆಯಲ್ಲಿ ಎ.ಸಿ. ಕಾರಿನಿಂದ ಇಳಿದೊಡನೆ ಲೆನ್ಸಿಗೆ ಮಂಜು ಕೂರುತ್ತದೆ. ಅರ್ಧ ಗಂಟೆ ಚೀಲದಲ್ಲೇ ಇರಲಿ. ಮೇಲಿನಿಂದ ತೆಗೆಯುವಾಗ ಕ್ಯಾಮೆರಾದ ಪಟ್ಟಿ ನಿಮ್ಮ ಕೊರಳಲ್ಲೇ ಇರಬೇಕು.

ಈಗ ಮನೆಮಂದಿ. ‘ಇಲ್ಲಿ ನೋಡಿ, ನಗಿ’ ಎಂದರೆ ಎಲ್ಲರೂ ಸೆಟೆದು ಕೂರುತ್ತಾರೆ. ಹಸುಗೂಸಿಗೆ ಚೆನ್ನಾಗಿ ಕಾಣುವುದು 20–30 ಸೆಂಟಿಮೀಟರ್ ದೂರದ್ದು ಮಾತ್ರ. ಕೂಸು ಎಚ್ಚರವಾದಾಗ, ಕುತ್ತಿಗೆಗೆ ಅಂಗೈ ಆನಿಸಿ, ಮುಖವನ್ನು ಒಂದು ಗೇಣು ದೂರಕ್ಕೆ ತಂದು ಮೆಲ್ಲಗೆ ಮಾತಾಡಿಸಲು ಅಪ್ಪನಿಗೆ ಹೇಳಿ. ಅಲೆದಾಡುತ್ತಿದ್ದ ಕಣ್ಣು ಆ ಮುಖದ ಮೇಲೆ ಬಂದು ನಿಂತಾಗ ಗುಂಡಿ ಒತ್ತಿ. ಪುಟ್ಟ ಅಕ್ಕನಿದ್ದರೆ ಚಾಪೆಯ ಮೇಲೆ ಗೋಡೆಗೊರಗಿಸಿ ಕೂರಿಸಿ, ತೋಳಿನಡಿ ದಿಂಬು ಕೊಡಿ, ದೊಡ್ಡವರೊಬ್ಬರು ಕೈಯಳತೆಯಲ್ಲಿರಲಿ. ‘ತಮ್ಮನ ಕಾಲಿಗೆ ಬೆರಳೆಷ್ಟು, ಎಣಿಸು ನೋಡೋಣ’ ಎಂದರೆ ಅವಳು ನಿಮ್ಮನ್ನೂ ಕ್ಯಾಮೆರಾವನ್ನೂ ಮರೆಯುತ್ತಾಳೆ.

ಕೂಸು ಅತ್ತರೆ ತಾಯಿಯ ಕೈಗೆ ಕೊಟ್ಟು ಹೊರಗೆ ಜಗುಲಿಯಲ್ಲಿ ಕಾಯಿರಿ. ಮತ್ತೆ ಮಲಗದಿದ್ದರೆ ಇನ್ನೊಂದು ದಿನ ಬನ್ನಿ.

ಸಂಜೆಯೇ ಫೋಟೊಗಳನ್ನು ಎರಡು ಕಡೆ ಉಳಿಸಿ. ಸ್ಟೇಟಸ್‌ಗೆ ಹಾಕುವ ಮುನ್ನ ತಾಯಿಯನ್ನು ಕೇಳಿ. ಹತ್ತಾರನ್ನು ಮುದ್ರಿಸಿ ಅಜ್ಜಿಗೆ ಕೊಡಿ. ಗೋಡೆಗೆ ತಾಗಿದ ಕಪಾಟಿನಲ್ಲಿ ಮಾತ್ರ ಆಲ್ಬಮ್ ಇಡಬೇಡಿ, ಆಷಾಢದೊಳಗೆ ಬೂಷ್ಟು ಹಿಡಿಯುತ್ತದೆ.